ಬೆಳಿಗ್ಗೆ ಕೂಗಿದ ಹುಂಜ ಮಧ್ಯಾಹ್ನ ಸತ್ತು ಬಿದ್ದರೆ: ಕಾರಣ ಹುಡುಕುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಹನ್ನೊಂದು ಹೇಂಟೆಗಳೂ ಒಂದು ಹುಂಜವೂ ಇದ್ದವು. ಹುಂಜ ಗಿರಿರಾಜ ಮಿಶ್ರತಳಿಯದು, ಎರಡು ವರ್ಷದ್ದು, ನಾಲ್ಕು ಕಿಲೋ ಹತ್ತಿರ ತೂಗುತ್ತಿತ್ತು. ಏಪ್ರಿಲ್ ತಿಂಗಳ ಕಳೆದ ಭಾನುವಾರ ನಸುಕಿನಲ್ಲಿ ಎಂದಿನಂತೆ ಕೂಗಿತು, ಎಂಟು ಗಂಟೆಗೆ ನಾನು ಹಾಕಿದ ನುಚ್ಚು ತಿಂದಿತು. ಮಧ್ಯಾಹ್ನ ಒಂದು ಗಂಟೆಗೆ ತೋಟದಂಚಿನ ಹಲಸಿನ ಮರದ ಬುಡದಲ್ಲಿ ಸತ್ತು ಬಿದ್ದಿತ್ತು. ಮೈಮೇಲೆ ಗಾಯವಿರಲಿಲ್ಲ. ಜುಟ್ಟು ಕಡುನೀಲಿಯಾಗಿತ್ತು, ಕಾಲು ಸೆಟೆದಿದ್ದವು, ಎತ್ತಿಕೊಂಡು ಬರುವಾಗ ಕೊಕ್ಕಿನಿಂದ ನೀರು ಸುರಿಯಿತು. ಹೇಂಟೆಗಳು ಆರಾಮಾಗಿವೆ. ಪಕ್ಕದ ತೋಟದವರು ಎರಡು ದಿನ ಮೊದಲು ಶುಂಠಿ ಪಾತಿಗೆ ಹರಳಿನ ಔಷಧಿ ಹಾಕಿದ್ದರು. ನಮ್ಮ ಕೋಳಿ ಅವರ ಪಾತಿ ಕೆದಕುತ್ತದೆ ಎಂಬ ವಿಷಯಕ್ಕೆ ಹಿಂದೊಮ್ಮೆ ಮಾತಿಗೆ ಮಾತು ಬೆಳೆದಿತ್ತು. ಅತ್ತೆಯವರು ದೃಷ್ಟಿ ತಾಗಿದೆ ಎನ್ನುತ್ತಾರೆ. ಊರಿನವರೊಬ್ಬರು ಇದು ಕೊಕ್ಕರೆ ರೋಗ, ಉಳಿದವನ್ನು ಈಗಲೇ ಮಾರಿಬಿಡಿ ಎಂದರು. ಇನ್ನೊಬ್ಬರು ನೀರಿಗೆ ಹಾಕಲು ಮಾತ್ರೆ ಕೊಟ್ಟಿದ್ದಾರೆ. ಹುಂಜವನ್ನು ಅಂದೇ ಸಂಜೆ ಹೂತೆವು, ಈಗ ನಾಲ್ಕು ದಿನವಾಯಿತು. ಅದು ಏಕೆ ಸತ್ತಿತು? ಹೂತದ್ದನ್ನು ತೆಗೆದು ಪರೀಕ್ಷೆ ಮಾಡಿಸಬಹುದೇ? ಉಳಿದವಕ್ಕೆ ಅಪಾಯವಿದೆಯೇ, ಮೊಟ್ಟೆ ತಿನ್ನಬಹುದೇ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದರೊಳಗೊಂದು ಸೇರಿಕೊಂಡಿವೆ. ಹುಂಜ ಏಕೆ ಸತ್ತಿತು ಎಂಬುದು ಒಂದು. ಅದೇ ಕಾರಣ ಹನ್ನೊಂದು ಹೇಂಟೆಗಳನ್ನೂ ಹಿಡಿದೀತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಈಗ ಖಚಿತ ಉತ್ತರ ಸಿಗುವುದು ಕಷ್ಟ, ಏಕೆಂದರೆ ಉತ್ತರವನ್ನು ಒಳಗಿಟ್ಟುಕೊಂಡಿದ್ದ ದೇಹ ಮಣ್ಣು ಸೇರಿಯಾಗಿದೆ. ಆದರೂ ಸಾಧ್ಯತೆಗಳನ್ನು ಬಹಳಷ್ಟು ಕಿರಿದಾಗಿಸಬಹುದು. ಎರಡನೆಯದಕ್ಕೆ ಉತ್ತರ ಇನ್ನೂ ನಿಮ್ಮ ಕೈಯಲ್ಲೇ ಇದೆ, ಮತ್ತು ಅದಕ್ಕೆ ದಿನಗಳ ಲೆಕ್ಕವೂ ಇದೆ.

ಮೊದಲು ನೀವು ಕಣ್ಣಾರೆ ಕಂಡ ಮೂರು ಗುರುತುಗಳನ್ನು ನೋಡೋಣ, ಏಕೆಂದರೆ ಕೋಳಿ ಸತ್ತಾಗ ನೆರೆಹೊರೆಯ ತೀರ್ಮಾನಗಳೆಲ್ಲ ಹುಟ್ಟುವುದು ಇವುಗಳಿಂದಲೇ. ಜುಟ್ಟು ನೀಲಿಯಾದರೆ ವಿಷ ಎಂಬ ನಂಬಿಕೆ ಎಲ್ಲ ಕಡೆಯೂ ಇದೆ. ಜುಟ್ಟಿನಲ್ಲಿ ಸೂಕ್ಷ್ಮ ರಕ್ತನಾಳಗಳು ದಟ್ಟವಾಗಿರುತ್ತವೆ; ಹೃದಯ ನಿಲ್ಲುವ ಹೊತ್ತಿಗೆ ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಅದು ಮೊದಲು ಕಾಣುವುದು ಅಲ್ಲಿಯೇ. ಬಿಸಿಲಿಗೆ ಸತ್ತರೂ, ಹೃದಯ ನಿಂತು ಸತ್ತರೂ, ರೋಗದಿಂದ ಸತ್ತರೂ ಜುಟ್ಟು ನೀಲಿಯಾಗುತ್ತದೆ. ಸತ್ತ ಮೇಲೆ ರಕ್ತ ಕೆಳಮಗ್ಗುಲಿಗೆ ಇಳಿಯುವುದರಿಂದ, ನೆಲಕ್ಕೆ ತಾಗಿದ್ದ ಬದಿಯ ಚರ್ಮವೂ ಜುಟ್ಟೂ ಇನ್ನಷ್ಟು ಕಪ್ಪಾಗಿ ಕಾಣುತ್ತವೆ. ಹಾಗೆಯೇ ಕಾಲು ಸೆಟೆದಿದ್ದುದು ಒದ್ದಾಡಿ ಸತ್ತದ್ದರ ಸಾಕ್ಷಿಯಲ್ಲ. ಹಕ್ಕಿಗಳಲ್ಲಿ ಸಾವಿನ ನಂತರದ ಸೆಡೆತ ಬೇಗನೆ ಬರುತ್ತದೆ, ಕೊನೆಯ ಗಳಿಗೆಯ ರೆಕ್ಕೆ ಬಡಿತವೂ ಎಲ್ಲ ಬಗೆಯ ಸಾವಿನಲ್ಲಿ ಇರುತ್ತದೆ. ಕೊಕ್ಕಿನಿಂದ ಸುರಿದ ನೀರಂತೂ ಬಹುಪಾಲು ಕೋಳಿಯನ್ನು ಕಾಲು ಹಿಡಿದು ತಲೆಕೆಳಗಾಗಿ ಎತ್ತಿಕೊಂಡು ಬಂದಾಗ, ಕತ್ತಿನ ಬುಡದ ಕಾಳಿನ ಚೀಲದಲ್ಲಿದ್ದ ನೀರು ಮತ್ತು ನುಚ್ಚು ಇಳಿದು ಬಂದದ್ದು. ಅದರಲ್ಲಿ ನುಚ್ಚಿನ ತುಣುಕುಗಳಿದ್ದವೇ, ಬೇರೆ ಬಣ್ಣದ ಹರಳು ಏನಾದರೂ ಕಂಡಿತೇ, ವಾಸನೆ ಹೇಗಿತ್ತು ಎಂಬುದು ನೆನಪಿದ್ದರೆ ಬರೆದಿಡಿ. ಬರಿಯ ನೀರು ಸುರಿಯಿತು ಎಂಬುದರಿಂದ ಏನನ್ನೂ ಹೇಳಲಾಗದು.

ದೃಷ್ಟಿಯ ವಿಷಯದಲ್ಲಿ ನಿಮ್ಮ ಅತ್ತೆಯವರೊಡನೆ ವಾದಕ್ಕಿಳಿಯಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ನಿನ್ನೆಯವರೆಗೆ ಗಟ್ಟಿಮುಟ್ಟಾಗಿದ್ದ ಜೀವ ಕಾರಣವಿಲ್ಲದೆ ಹೋದಾಗ ಹಿರಿಯರಿಗೆ ಹಾಗನ್ನಿಸುವುದು ಸಹಜ. ಅವರು ದೃಷ್ಟಿ ತೆಗೆಯಲಿ. ನೀವು ಮಾತ್ರ ಕೆಳಗೆ ಹೇಳುವ ನಿಗಾವನ್ನು ಬಿಡಬೇಡಿ.

ಇನ್ನು ಕೊಕ್ಕರೆ ರೋಗ. ನಮ್ಮ ಹಳ್ಳಿಗಳಲ್ಲಿ ಕೋಳಿಯ ಯಾವ ಸಾವಿಗೂ ಈ ಹೆಸರು ಅಂಟಿಕೊಳ್ಳುತ್ತದೆ. ಅದಕ್ಕೆ ಕಾರಣವೂ ಇದೆ, ಹಿತ್ತಲಿನ ಕೋಳಿಗಳನ್ನು ಇದರಷ್ಟು ಬಾರಿ ಗುಡಿಸಿ ಹಾಕಿದ ರೋಗ ಇನ್ನೊಂದಿಲ್ಲ. 1920ರ ದಶಕದ ಕೊನೆಯಲ್ಲಿ ಈಗಿನ ಉತ್ತರಾಖಂಡದ ರಾಣಿಖೇತ್‌ನಲ್ಲಿ ಕಾಣಿಸಿಕೊಂಡದ್ದರಿಂದ ನಮ್ಮ ದೇಶದಲ್ಲಿ ಇದಕ್ಕೆ ರಾಣಿಖೇತ್ ರೋಗವೆಂದೇ ಹೆಸರು. ಇದು ವೈರಸ್ಸಿನಿಂದ ಬರುವಂಥದ್ದು. ಲಸಿಕೆ ಕಾಣದ ಹಿಂಡಿಗೆ ಹೊಕ್ಕರೆ ಒಂದನ್ನು ಕೊಂದು ಸುಮ್ಮನಾಗುವುದಿಲ್ಲ. ಹಸಿರು ಬೆರೆತ ನೀರಿನಂಥ ಹಿಕ್ಕೆ, ಬಾಯಿ ತೆರೆದು ಏದುಸಿರು, ಮುದುರಿ ಕೂರುವುದು, ಬದುಕಿ ಉಳಿದವುಗಳಲ್ಲಿ ಕತ್ತು ತಿರುಚುವುದು, ಹೀಗೆ ಒಂದರ ಹಿಂದೊಂದು ಬೀಳುತ್ತವೆ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಐದಾರು ದಿನ, ಕೆಲವೊಮ್ಮೆ ಎರಡು ವಾರದವರೆಗೆ ಹಿಡಿಯುತ್ತದೆ. ಆದ್ದರಿಂದ ನಾಲ್ಕನೆಯ ದಿನ ಹೇಂಟೆಗಳು ಆರಾಮಾಗಿವೆ ಎಂಬುದು ಒಳ್ಳೆಯ ಸುದ್ದಿಯೇ ಹೊರತು ಪೂರ್ಣ ಭರವಸೆಯಲ್ಲ. ಹದಿನಾಲ್ಕು ದಿನ ಕಳೆದೂ ಒಂದೂ ಮಂಕಾಗದಿದ್ದರೆ ಕೊಕ್ಕರೆ ರೋಗದ ಮಾತನ್ನು ಬಿಟ್ಟುಬಿಡಬಹುದು.

ನಿಮ್ಮ ಊರಿನಲ್ಲಿ ಯಾರ ಬಾಯಲ್ಲೂ ಬಾರದ, ಆದರೆ ನಾನು ಮರೆಯಲಾರದ ಇನ್ನೊಂದು ರೋಗವಿದೆ, ಕೋಳಿ ಕಾಲರಾ. ಮನುಷ್ಯರ ಕಾಲರಾಕ್ಕೂ ಇದಕ್ಕೂ ಸಂಬಂಧವಿಲ್ಲ. ಪಾಶ್ಚುರೆಲ್ಲಾ ಎಂಬ ಬೇರೆಯೇ ಬ್ಯಾಕ್ಟೀರಿಯಾದ ಕೆಲಸ ಇದು. ಮರಿಗಳಿಗಿಂತ ಬೆಳೆದ ಕೋಳಿಗಳನ್ನೇ ಇದು ಹೆಚ್ಚು ಹಿಡಿಯುತ್ತದೆ. ತೀವ್ರ ರೂಪದಲ್ಲಿ ಬಂದಾಗ ಬೆಳಿಗ್ಗೆ ಕಾಳು ತಿಂದ ಕೋಳಿ, ಮೈ ಸ್ವಲ್ಪವೂ ಇಳಿಯದೆ, ಕಾಳಿನ ಚೀಲ ತುಂಬಿರುವಂತೆಯೇ ಮಧ್ಯಾಹ್ನದೊಳಗೆ ಸತ್ತಿರುತ್ತದೆ. ಇಲಿ, ಬೆಕ್ಕು, ಕಾಡುಹಕ್ಕಿಗಳು ಇದನ್ನು ತರಬಲ್ಲವು. ನಿಮ್ಮ ಹುಂಜದ ಕಥೆ ಇದಕ್ಕೆ ಹೊಂದುತ್ತದೆ ಎಂಬುದೇ ನನ್ನ ಮುಖ್ಯ ಆತಂಕ. ಇಂಥ ಕೋಳಿಯನ್ನು ತೆರೆದರೆ ಹೃದಯದ ಮೇಲಿನ ಕೊಬ್ಬಿನಲ್ಲಿ ಸೂಜಿ ಚುಚ್ಚಿದಷ್ಟು ಸಣ್ಣ ರಕ್ತದ ಚುಕ್ಕೆಗಳೂ, ಊದಿದ ಯಕೃತ್ತಿನ ತುಂಬ ಬಿಳಿಯ ಚುಕ್ಕೆಗಳೂ ಕಾಣಬಹುದು. ಹೃದಯದ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಎರಡು ತುದಿಗಳಲ್ಲಿ ಮಾತ್ರ ಬಣ್ಣ ಹಿಡಿದು ನಡುವೆ ಖಾಲಿ ಕಾಣುವ ಪುಟ್ಟ ಕಡ್ಡಿಗಳು ಸಾಲುಗಟ್ಟಿರುತ್ತವೆ. ಬ್ಯಾಕ್ಟೀರಿಯಾವನ್ನು ಬೆಳೆಸಿ ಖಚಿತಪಡಿಸಲು ಒಂದೆರಡು ದಿನ ಬೇಕಾದರೂ ಈ ಮೊದಲ ಸುಳಿವು ಅರ್ಧ ಗಂಟೆಯಲ್ಲಿ ಸಿಗುತ್ತದೆ, ಸೂಕ್ಷ್ಮದರ್ಶಕವಿರುವ ಪಶು ಆಸ್ಪತ್ರೆಯಲ್ಲೇ ಸಿಗುತ್ತದೆ. ಹೂಳುವ ಮೊದಲು ಒಂದು ಹನಿ ರಕ್ತ ತೆಗೆಸಿದ್ದರೂ ಅರ್ಧ ಪ್ರಶ್ನೆ ಮುಗಿಯುತ್ತಿತ್ತು ಎಂದು ನಾನು ಹೇಳುವುದು ನಿಮ್ಮನ್ನು ನೋಯಿಸಲು ಅಲ್ಲ; ಸತ್ತ ಕೋಳಿಯಿಂದ ಇಷ್ಟು ಸುಲಭಕ್ಕೆ ಇಷ್ಟು ತಿಳಿಯುತ್ತದೆ ಎಂಬುದನ್ನು ನಮ್ಮ ಇಲಾಖೆಯವರೇ ಹಳ್ಳಿಗಳಲ್ಲಿ ಸಾಕಷ್ಟು ಹೇಳಿಲ್ಲ.

ರೋಗವೂ ಇಲ್ಲದೆ, ವಿಷವೂ ಇಲ್ಲದೆ ಭಾರದ ಹುಂಜಗಳು ಸಾಯುವುದುಂಟು. ಕೋಳಿಯ ಮೈಬಿಸಿ 41ರಿಂದ 42 ಡಿಗ್ರಿ ಸೆಲ್ಸಿಯಸ್. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ಆ ತೇವ ಆವಿಯಾಗುವುದರಿಂದಲೇ ಮೈ ತಣ್ಣಗಾಗಬೇಕು. ಏಪ್ರಿಲ್ಲಿನಲ್ಲಿ ಹಿಂದಿನ ಸಂಜೆ ಮಳೆ ಬಂದು, ಮರುದಿನ ಬಿಸಿಲೇರಿ ಸೆಕೆ ಕಟ್ಟಿದರೆ ಈ ದಾರಿಯೂ ಅರ್ಧ ಮುಚ್ಚಿದಂತೆ. ಮಲೆನಾಡಿನವರು ಬಿಸಿಲಾಘಾತವೆಂದರೆ ಬಯಲುಸೀಮೆಯ ತೊಂದರೆ ಎಂದುಕೊಳ್ಳುತ್ತಾರೆ. ತಾಪ ಕಡಿಮೆಯಿದ್ದರೂ ತೇವ ಹೆಚ್ಚಿದ್ದರೆ ದಪ್ಪ ಹಕ್ಕಿಗೆ ಅಷ್ಟೇ ಕಷ್ಟ. ಗಿರಿರಾಜ ಹಿತ್ತಲಿಗೆಂದೇ ಹೆಬ್ಬಾಳದಲ್ಲಿ ರೂಪಿಸಿದ ಒಳ್ಳೆಯ ತಳಿ, ಆದರೆ ಅದರ ಹುಂಜ ನಾಟಿ ಹುಂಜದ ಎರಡು ಪಟ್ಟು ತೂಗುತ್ತದೆ. ದಿನವೂ ನುಚ್ಚು, ಅನ್ನ, ತೆಂಗಿನ ಹಿಂಡಿ ತಿಂದು ಬೆಳೆದ ಅಂಥ ಹುಂಜದ ಹೊಟ್ಟೆಯಲ್ಲಿ ಕೊಬ್ಬು ದಪ್ಪಗೆ ಕೂತಿರುತ್ತದೆ, ಹೃದಯ ಸದಾ ಹೆಚ್ಚು ದುಡಿಯುತ್ತಿರುತ್ತದೆ. ಹೇಂಟೆಯನ್ನು ಅಟ್ಟಿಸಿಕೊಂಡು ಹೋದಾಗಲೋ, ನಾಯಿಗೆ ಹೆದರಿ ಓಡಿದಾಗಲೋ ಅದು ಒಮ್ಮೆಲೇ ನಿಂತುಬಿಡಬಹುದು.

ವಿಷ ಹಾಕಿದ್ದಾರೆಂದು ಖಚಿತವಾಗಿ ನಂಬಿ ಒಬ್ಬರು ನಮ್ಮ ಪ್ರಯೋಗಾಲಯಕ್ಕೆ ತಂದ ಒಂದು ಹುಂಜ ನನಗೆ ಚೆನ್ನಾಗಿ ನೆನಪಿದೆ. ಅದರ ಜುಟ್ಟೂ ನೀಲಿಯಾಗಿತ್ತು. ಹೊಟ್ಟೆಯ ಪೊರೆ ಕತ್ತರಿಸಿದೊಡನೆ ಹೆಪ್ಪುಗಟ್ಟಿದ ರಕ್ತದ ದೊಡ್ಡ ಮುದ್ದೆ ಹೊರಬಂತು. ಅದರ ಕೆಳಗಿದ್ದ ಯಕೃತ್ತು ಹಳದಿ ತಿರುಗಿ, ಬೆರಳಿಟ್ಟರೆ ಬೆಣ್ಣೆಯಂತೆ ಒಳಗಿಳಿಯುವಷ್ಟು ಮೆತ್ತಗಾಗಿ, ಒಂದು ಅಂಚಿನಲ್ಲಿ ಹರಿದಿತ್ತು. ಕೊಬ್ಬು ತುಂಬಿದ ಯಕೃತ್ತು ಒಡೆದು ಒಳಗೇ ರಕ್ತ ಸುರಿದು ಸತ್ತ ಹಕ್ಕಿ ಅದು. ಮೊಟ್ಟೆಯಿಡುವ ಕೊಬ್ಬಿದ ಹೇಂಟೆಗಳಲ್ಲಿ ಇದು ಹೆಚ್ಚು, ಹುಂಜಗಳಲ್ಲಿ ಅಪರೂಪ. ಕಾಳಿನ ಚೀಲದಲ್ಲಿ ಅಕ್ಕಿಯ ಹೊರತು ಏನೂ ಇರಲಿಲ್ಲ. ಅವರು ಅಷ್ಟು ಹೊತ್ತಿಗಾಗಲೇ ನೆರೆಯವರ ಮೇಲೆ ಕೂಗಾಡಿ ಬಂದಿದ್ದರು.

ಹಾವಿನ ಕಡಿತವನ್ನೂ ತಳ್ಳಿಹಾಕುವಂತಿಲ್ಲ. ತರಗೆಲೆ ಕೆದಕುವ ಹುಂಜ ಹಾವಿಗೆ ಎದುರಾದರೆ ಹಿಂದೆ ಸರಿಯುವುದು ಕಡಿಮೆ. ಕಡಿತ ಸಾಮಾನ್ಯವಾಗಿ ಕಾಲು, ಮುಖ ಅಥವಾ ಗದ್ದದ ಜೋಲಿನ ಮೇಲೆ ಬೀಳುತ್ತದೆ. ಹೊರಗೆ ಗರಿ ಮತ್ತು ಹುರುಪೆಗಳ ನಡುವೆ ಹಲ್ಲಿನ ಗುರುತು ಕಾಣದಿದ್ದರೂ, ಚರ್ಮ ಸುಲಿದು ನೋಡಿದರೆ ಕಡಿದ ಜಾಗದ ಕೆಳಗೆ ರಕ್ತ ಹರಡಿ ಕಪ್ಪಾಗಿರುವುದು ಕೊಳಕುಮಂಡಲದಂಥ ಹಾವಿನಲ್ಲಿ ಎದ್ದು ಕಾಣುತ್ತದೆ. ನಾಗರಹಾವಿನಲ್ಲಿ ಅಷ್ಟೂ ಕಾಣದಿರಬಹುದು. ಮುಂಗುಸಿ, ಕಾಡುಬೆಕ್ಕು, ನಾಯಿಗಳಾದರೆ ಕತ್ತಿನಲ್ಲಿ ಗಾಯವೋ ಉದುರಿದ ಗರಿಗಳೋ ಇರಲೇಬೇಕು. ನಿಮ್ಮ ವಿವರಣೆಯಲ್ಲಿ ಅವಿಲ್ಲ.

ಈಗ ಹರಳಿನ ಔಷಧಿಯ ವಿಷಯ. ಕೋಳಿಗೆ ಹಲ್ಲಿಲ್ಲ, ತಿಂದ ಕಾಳನ್ನು ಒಳಗಿನ ದಪ್ಪ ಜಠರದಲ್ಲಿ ಅರೆಯಲು ಅದು ಸಣ್ಣ ಕಲ್ಲುಗಳನ್ನು ಹುಡುಕಿ ನುಂಗುತ್ತದೆ. ಮಣ್ಣಿನ ಮೇಲೆ ಬಿದ್ದ ಕೀಟನಾಶಕದ ಹರಳು ಅದರ ಕಣ್ಣಿಗೆ ಅಂಥದೇ ಒಂದು ಕಲ್ಲು. ಜೊತೆಗೆ, ಔಷಧಿಗೆ ಸಿಕ್ಕು ಮೇಲೆದ್ದು ಒದ್ದಾಡುವ ಎರೆಹುಳು, ಗೊಬ್ಬರದ ಹುಳುಗಳನ್ನೂ ಅದು ಆಸೆಯಿಂದ ತಿನ್ನುತ್ತದೆ. ಇಂಥ ಹರಳುಗಳಲ್ಲಿ ಕೆಲವು ಹಕ್ಕಿಗಳಿಗೆ ಅತಿ ಘೋರ. ಗುಬ್ಬಚ್ಚಿಯಂಥ ಸಣ್ಣ ಹಕ್ಕಿಗೆ ಕಾರ್ಬೊಫ್ಯುರಾನಿನ ಒಂದೇ ಹರಳು ಸಾಕಾಗುತ್ತದೆ. ಶುಂಠಿ, ಬಾಳೆಗೆ ಹಿಂದೆ ಎಲ್ಲರೂ ಹಾಕುತ್ತಿದ್ದ ಫೋರೇಟ್ ನಮ್ಮ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧಕ್ಕೊಳಗಾಗಿದೆ, ಆದರೆ ಹಳೆಯ ಡಬ್ಬಿಗಳು ಕೊಟ್ಟಿಗೆಯ ಅಟ್ಟದಲ್ಲಿ ಉಳಿದಿರುವ ಮನೆಗಳಿವೆ. ಈ ಗುಂಪಿನ ವಿಷ ನರಗಳ ಸಂಜ್ಞೆ ನಿಲ್ಲದಂತೆ ಮಾಡುತ್ತದೆ: ಬಾಯಿಂದ ಜೊಲ್ಲು, ಮೈ ನಡುಕ, ಓಲಾಡುವ ನಡಿಗೆ, ಉಸಿರುಕಟ್ಟು, ಸಾವು. ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಎಲ್ಲ ಮುಗಿಯುತ್ತದೆ. ಎಂಟರಿಂದ ಒಂದರವರೆಗೆ ಯಾರೂ ಹುಂಜವನ್ನು ನೋಡಿಲ್ಲವಾದ್ದರಿಂದ ಇದು ಸಾಧ್ಯ.

ಇದಕ್ಕೆ ಎದುರು ನಿಲ್ಲುವ ಒಂದು ಸಂಗತಿಯನ್ನೂ ಹೇಳಬೇಕು. ಹುಂಜ ತಿನ್ನುವ ವಸ್ತು ಸಿಕ್ಕಾಗ ತಾನೇ ನುಂಗಿ ಹೋಗುವ ಪ್ರಾಣಿಯಲ್ಲ. ಕುಟುಕುಟು ಸದ್ದು ಮಾಡಿ, ಅದನ್ನು ಎತ್ತಿ ಕೆಳಗೆ ಹಾಕಿ, ಹೇಂಟೆಗಳನ್ನು ಕರೆಯುತ್ತದೆ. ಹುಳುವಾಗಲಿ ಹರಳಾಗಲಿ ಪಾತಿಯಲ್ಲಿ ಸಾಕಷ್ಟು ಬಿದ್ದಿದ್ದರೆ, ಹನ್ನೊಂದರಲ್ಲಿ ಒಂದಾದರೂ ಹೇಂಟೆ ಮಂಕಾಗಬೇಕಿತ್ತು. ಒಂದೂ ಆಗಲಿಲ್ಲ ಎಂಬುದು ವಿಷದ ಸಾಧ್ಯತೆಯನ್ನು ಕಡಿಮೆ ಮಾಡುತ್ತದೆ, ಅಳಿಸುವುದಿಲ್ಲ. ಹಾಗೆಯೇ ನಿಮ್ಮ ಮನೆಯ ಒಳಗೂ ನೋಡಿ: ಅಟ್ಟದಲ್ಲಿ ಇಲಿಗೆಂದು ಇಟ್ಟ ಪಾಷಾಣದ ಉಂಡೆ ಕೆಳಗೆ ಬಿದ್ದಿತ್ತೇ, ಔಷಧಿ ಹಚ್ಚಿದ ಬಿತ್ತನೆ ಭತ್ತ ಒಣಗಲು ಹಾಕಿದ್ದಿರೇ? ಇಲಿ ಪಾಷಾಣವಾದ ಸತುವಿನ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ಸೇರಿದಾಗ ವಿಷಾನಿಲ ಹೊರಡುತ್ತದೆ. ಅಂಥ ಕೋಳಿಯನ್ನು ತೆರೆದಾಗ ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಬರುತ್ತದೆ, ಮುಚ್ಚಿದ ಕೋಣೆಯಲ್ಲಿ ಅದನ್ನು ತೆರೆದವರಿಗೂ ಅಪಾಯ. ಮನೆಯಲ್ಲೇ ಕೊಯ್ದು ನೋಡುವ ಸಾಹಸ ಬೇಡ ಎನ್ನುವುದಕ್ಕೆ ಇದೂ ಒಂದು ಕಾರಣ.

ನೆರೆಯವರ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೆ ಪ್ರಶ್ನೆ ಪತ್ರದಲ್ಲಿದೆ. ತಮ್ಮ ಪಾತಿಗೆ ತಾವು ಔಷಧಿ ಹಾಕುವುದೂ, ನಿಮ್ಮ ಕೋಳಿಯನ್ನು ಕೊಲ್ಲಲೆಂದು ವಿಷವಿಡುವುದೂ ಬೇರೆ ಬೇರೆ. ಎರಡನೆಯದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನ ಅಡಿ ಐದು ವರ್ಷದವರೆಗೆ ಸೆರೆಯಾಗಬಹುದಾದ ಅಪರಾಧ. ಅಂಥ ಆರೋಪವನ್ನು ನೀಲಿ ಜುಟ್ಟಿನ ಆಧಾರದ ಮೇಲೆ ಹೊರಿಸಲಾಗದು, ಹೊರಿಸಲೂಬಾರದು. ಹೋಗಿ ಸಮಾಧಾನದಿಂದ ಒಂದೇ ಒಂದು ಪ್ರಶ್ನೆ ಕೇಳಿ: ಹಾಕಿದ ಔಷಧಿ ಯಾವುದು, ಪೊಟ್ಟಣ ತೋರಿಸಬಹುದೇ? ಪ್ರತಿ ಕೀಟನಾಶಕದ ಪೊಟ್ಟಣದ ಮೇಲೂ ಮೂಲೆಯ ಮೇಲೆ ನಿಲ್ಲಿಸಿದ ಒಂದು ಚೌಕವಿರುತ್ತದೆ. ಅದರ ಕೆಳಗಿನ ತ್ರಿಕೋನ ಕೆಂಪಾಗಿದ್ದರೆ ವಿಷ ಅತಿ ತೀವ್ರ, ಹಳದಿಯಾದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನೀಲಿ ಮಧ್ಯಮ, ಹಸಿರು ಅಲ್ಪ. ಈ ಬಣ್ಣಗಳು ಹಕ್ಕಿಗೆಂದೇ ಅಳೆದವಲ್ಲ, ಆದ್ದರಿಂದ ಔಷಧಿಯ ಹೆಸರನ್ನೂ ಬರೆದುಕೊಂಡು ಪಶುವೈದ್ಯರಿಗೆ ತೋರಿಸಿ. ಹಸಿರು ತ್ರಿಕೋನದ, ಹಕ್ಕಿಗೆ ನಿರಪಾಯವಾದ ಔಷಧಿಯಾದರೆ ಜಗಳಕ್ಕೆ ಕಾರಣವೇ ಉಳಿಯುವುದಿಲ್ಲ. ಕೆಂಪಿನದಾದರೆ ಹರಳನ್ನು ಮಣ್ಣಿನಲ್ಲಿ ಮುಚ್ಚುವಂತೆ ಅವರನ್ನು ಕೇಳಿಕೊಂಡು, ನಿಮ್ಮ ಕೋಳಿಗಳನ್ನು ಕೆಲವು ವಾರ ಆ ಕಡೆ ಬಿಡದಿರುವುದು ಇಬ್ಬರಿಗೂ ಕ್ಷೇಮ; ಆ ಪಾತಿಯಲ್ಲಿ ಮಕ್ಕಳೂ ಓಡಾಡುತ್ತಾರೆ.

ಇಷ್ಟನ್ನೆಲ್ಲ ತೂಗಿ ನೋಡಿದರೆ, ನಿಮ್ಮ ಹುಂಜದ ವಿಷಯದಲ್ಲಿ ನನ್ನ ಅಂದಾಜು ಹೀಗಿದೆ: ಸೆಕೆಯ ಹೊತ್ತು, ಭಾರದ ಮೈ, ಒಂದೇ ಸಾವು, ಉಳಿದವು ಆರೋಗ್ಯ, ಇವೆಲ್ಲ ಹೃದಯ ಅಥವಾ ಬಿಸಿಲಾಘಾತದ ಕಡೆ ಹೆಚ್ಚು ಬೆರಳು ಮಾಡುತ್ತವೆ. ಅದರ ನಂತರ ವಿಷ ಮತ್ತು ಹಾವು. ಕಾಲರಾ ಸಾಧ್ಯತೆಯಲ್ಲಿ ಇವುಗಳಿಗಿಂತ ಕೆಳಗಿದ್ದರೂ ಹಿಂಡಿಗೆ ಹರಡಬಲ್ಲದ್ದಾದ್ದರಿಂದ ಎಚ್ಚರಿಕೆಯಲ್ಲಿ ಮೊದಲನೆಯದು. ಕೊಕ್ಕರೆ ರೋಗ ಕೊನೆಯದು.

ಹೂತದ್ದನ್ನು ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ಕೋಳಿಯ ಮೈಬಿಸಿ ಹೆಚ್ಚು, ಗರಿ ಆ ಬಿಸಿಯನ್ನು ಹೊರಬಿಡುವುದಿಲ್ಲ. ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಒಳಗಿನ ಅಂಗಗಳು ಕೊಳೆಯಲು ತೊಡಗುತ್ತವೆ. ನಾಲ್ಕು ದಿನ ಮಣ್ಣಿನಲ್ಲಿದ್ದ ದೇಹದಲ್ಲಿ ಹೃದಯ, ಯಕೃತ್ತು, ರಕ್ತ ಯಾವುದೂ ಏನನ್ನೂ ಹೇಳಲಾರದು. ಕೀಟನಾಶಕದ ಅಂಶ ಮಾತ್ರ ಜಠರದಲ್ಲಿ ಉಳಿದಿರಬಹುದು. ನೀವು ಪೊಲೀಸರಿಗೆ ದೂರು ಕೊಡುವುದೇ ನಿಜವಾದರೆ, ಅವರ ಮತ್ತು ಪಶುವೈದ್ಯರ ಸಮ್ಮುಖದಲ್ಲಿ ತೆಗೆದು ಮೊಹರು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದರಷ್ಟೇ ಅದಕ್ಕೆ ಬೆಲೆ. ಸುಮ್ಮನೆ ತಿಳಿದುಕೊಳ್ಳುವ ಸಲುವಾಗಿ ತೆಗೆಯುವುದರಲ್ಲಿ ಲಾಭಕ್ಕಿಂತ ಸೋಂಕಿನ ಅಪಾಯ ದೊಡ್ಡದು. ಹೂತ ಗುಂಡಿ ಮೂರಡಿಗಿಂತ ಕಡಿಮೆ ಆಳದ್ದಾಗಿದ್ದರೆ ಮೇಲೆ ಸುಣ್ಣ ಹಾಕಿ, ಮಣ್ಣೇರಿಸಿ, ನಾಯಿ ಕೆದಕದಂತೆ ಕಲ್ಲು ಹೇರಿ.

ಹೇಂಟೆಗಳ ವಿಷಯಕ್ಕೆ ಬರೋಣ. ಹುಂಜ ಸತ್ತ ದಿನದಿಂದ ಹದಿನಾಲ್ಕು ದಿನ ಅವನ್ನು ಆವರಣದೊಳಗೇ ಇಟ್ಟುಕೊಳ್ಳಿ. ಬೇರೆ ಮನೆಯ ಕೋಳಿಗಳೊಡನೆ ಬೆರೆಯಲು ಬಿಡಬೇಡಿ. ಬೆಳಿಗ್ಗೆ ಗೂಡು ತೆರೆದಾಗ ಯಾವುದು ಕೊನೆಗೆ ಹೊರಬರುತ್ತದೆ, ಯಾವುದು ಕಾಳಿಗೆ ಓಡಿ ಬರುವುದಿಲ್ಲ ಎಂದು ನೋಡಿ, ಹಿಕ್ಕೆಯ ಬಣ್ಣ ನೋಡಿ. ರಾತ್ರಿ ಒಮ್ಮೆ ಟಾರ್ಚ್ ಹಿಡಿದು ಗೂಡಿನ ಹಲಗೆಯ ಬಿರುಕು, ಬಿದಿರಿನ ಗೆಣ್ಣು, ಮೊಳೆಯ ಸಂದುಗಳಲ್ಲಿ ಹುಡುಕಿ: ಹಗಲೆಲ್ಲ ಅವಿತಿದ್ದು ರಾತ್ರಿ ರಕ್ತ ಹೀರುವ ಚಪ್ಪಟೆಯಾದ ಕಂದು ಬಣ್ಣದ ಕೋಳಿ ಉಣ್ಣೆಗಳು ಒಂದು ಬಗೆಯ ಮಾರಕ ಜ್ವರವನ್ನು ಹರಡುತ್ತವೆ. ಬಯಲುಸೀಮೆಯ ಒಣ ಊರುಗಳಲ್ಲಿ ಇವು ಹೆಚ್ಚು, ಆದರೆ ಸಂತೆಯಿಂದ ತಂದ ಕೋಳಿ ಅಥವಾ ಬುಟ್ಟಿಯೊಡನೆ ಎಲ್ಲಿಗೂ ಬರಬಲ್ಲವು.

ಮಾರಿಬಿಡಿ ಎಂದವರ ಮಾತನ್ನು ದಯವಿಟ್ಟು ಕೇಳಬೇಡಿ. ರೋಗವಿಲ್ಲದಿದ್ದರೆ ನೀವು ಸುಮ್ಮನೆ ಹಿಂಡು ಕಳೆದುಕೊಳ್ಳುತ್ತೀರಿ. ರೋಗವಿದ್ದರೆ ಅದನ್ನು ಸಂತೆಯ ಮೂಲಕ ಹತ್ತು ಊರಿಗೆ ಕಳಿಸುತ್ತೀರಿ. ಕೊಕ್ಕರೆ ರೋಗ ಹಳ್ಳಿಯಿಂದ ಹಳ್ಳಿಗೆ ನಡೆದುಹೋಗುವ ಮುಖ್ಯ ದಾರಿಯೇ ಇದು.

ಮಾತ್ರೆಯನ್ನೂ ಹಾಕಬೇಡಿ. ಪ್ರತಿಜೀವಕ ಔಷಧಿ ವೈರಸ್ಸಿಗೂ ಬಿಸಿಲಿಗೂ ವಿಷಕ್ಕೂ ಏನನ್ನೂ ಮಾಡುವುದಿಲ್ಲ. ಬ್ಯಾಕ್ಟೀರಿಯಾ ರೋಗವೇ ಆಗಿದ್ದರೆ, ಅರೆಬರೆ ಪ್ರಮಾಣದ ಔಷಧಿ ಅದನ್ನು ಕೊಲ್ಲದೆ ಮರೆಮಾಚುತ್ತದೆ. ಮುಂದೆ ಇನ್ನೊಂದು ಕೋಳಿ ಸತ್ತು ಪ್ರಯೋಗಾಲಯಕ್ಕೆ ಬಂದರೂ ಅಲ್ಲಿ ಏನೂ ಬೆಳೆಯದೆ ರೋಗನಿದಾನ ತಪ್ಪುತ್ತದೆ. ಔಷಧಿಯ ಅಂಶ ಮೊಟ್ಟೆಗೂ ಇಳಿಯುತ್ತದೆ. ಕೊಲಿಸ್ಟಿನ್ ಎಂಬ ಔಷಧಿಯನ್ನು ಆಹಾರದ ಪ್ರಾಣಿಗಳಿಗೆ ಕೊಡುವುದನ್ನು 2019ರಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದೆ, ಹೆಸರು ನೋಡದೆ ಕೊಟ್ಟ ಪೊಟ್ಟಣದಲ್ಲಿ ಅದೇ ಇರಲೂಬಹುದು.

ಕೊಕ್ಕರೆ ರೋಗದ ಲಸಿಕೆ ಹಾಕಿಸುವುದು ಒಳ್ಳೆಯದೇ, ಆದರೆ ಇಂದಲ್ಲ. ಸೋಂಕು ಆಗಲೇ ಒಳಹೊಕ್ಕ ಕೋಳಿಯನ್ನು ಲಸಿಕೆ ಕಾಪಾಡಲಾರದು, ಒಂದೇ ಸೂಜಿಯಿಂದ ಎಲ್ಲಕ್ಕೂ ಚುಚ್ಚಿದರೆ ರೋಗವನ್ನು ನಾವೇ ಹಂಚಿದಂತಾಗುತ್ತದೆ. ಹದಿನಾಲ್ಕು ದಿನ ಸುಮ್ಮನೆ ಕಳೆದರೆ ಪಶುವೈದ್ಯರನ್ನು ಕೇಳಿ ಹಾಕಿಸಿ. ಮೊಟ್ಟೆಯಿಡುವ ಹೇಂಟೆಗಳಿಗೆ ನೀರಿನಲ್ಲಿ ಕುಡಿಸುವ ಲಸೋಟ ಲಸಿಕೆ ಮೃದುವಾದದ್ದು. ಆರ್‌2ಬಿ ಚುಚ್ಚುಮದ್ದು ಬಲವಾದದ್ದು, ಅದನ್ನು ಎಂಟು ವಾರ ಆಸುಪಾಸಿನ ಮರಿಗಳಿಗೆ ಕೊಡುವುದು ವಾಡಿಕೆ, ಮೊಟ್ಟೆಯ ಹೊತ್ತಿನಲ್ಲಿ ಕೊಟ್ಟರೆ ಇಳುವರಿ ಕುಸಿಯಬಹುದು. ಲಸಿಕೆಯ ಸೀಸೆ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗಾಗುವಷ್ಟು ಬರುತ್ತದೆ. ಕರಗಿಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹನ್ನೊಂದು ಕೋಳಿಯವರಿಗೆ ಇದು ಒಗ್ಗುವುದಿಲ್ಲವೆಂದೇ ನಮ್ಮ ಹಿತ್ತಲ ಕೋಳಿಗಳು ಲಸಿಕೆ ಕಾಣದೆ ಉಳಿದಿವೆ. ಕೇರಿಯ ಹತ್ತು ಮನೆಯವರು, ಪಕ್ಕದ ತೋಟದವರಲ್ಲಿ ಕೋಳಿಯಿದ್ದರೆ ಅವರನ್ನೂ ಸೇರಿಸಿಕೊಂಡು, ಒಂದೇ ದಿನ ಹಾಕಿಸಿ.

ಮೊಟ್ಟೆಯ ಪ್ರಶ್ನೆ: ನೆರೆಯವರ ಔಷಧಿ ಕೆಂಪು ಅಥವಾ ಹಳದಿ ತ್ರಿಕೋನದ್ದಾಗಿದ್ದು, ಹೇಂಟೆಗಳೂ ಆ ಪಾತಿಗೆ ಹೋಗಿದ್ದವಾದರೆ ಎರಡು ವಾರದ ಮೊಟ್ಟೆಯನ್ನು ತಿನ್ನಬೇಡಿ ಎಂಬುದು ನನ್ನ ಸಲಹೆ, ಕುದಿಸಿದರೆ ವೈರಸ್ ಸಾಯುತ್ತದೆ, ಕೀಟನಾಶಕ ಹೋಗುವುದಿಲ್ಲ. ಆ ಅನುಮಾನವಿಲ್ಲದಿದ್ದರೆ ಹಳದಿ ಗಟ್ಟಿಯಾಗುವವರೆಗೆ ಬೇಯಿಸಿ ತಿನ್ನಬಹುದು. ತಾನಾಗಿ ಸತ್ತ ಕೋಳಿಯನ್ನು ಮಾತ್ರ ಯಾವ ಕಾರಣಕ್ಕೂ ಅಡುಗೆಗೆ ಬಳಸಬಾರದು.

ಹೊಸ ಹುಂಜಕ್ಕೆ ಅವಸರ ಬೇಡ. ಮೊಟ್ಟೆಯಿಡಲು ಹೇಂಟೆಗೆ ಹುಂಜ ಬೇಕಿಲ್ಲ. ಇನ್ನೊಂದು ಸಂಗತಿ ನಿಮಗೆ ಸಮಾಧಾನ ತಂದೀತು: ಹೇಂಟೆಯ ಮೈಯಲ್ಲಿ ಹುಂಜದ ಬೀಜ ಸುಮಾರು ಎರಡು ವಾರ ಜೀವಂತವಾಗಿ ಉಳಿಯುತ್ತದೆ. ಆದ್ದರಿಂದ ಸತ್ತ ಹುಂಜದ ಸಂತತಿಯನ್ನು ಉಳಿಸಿಕೊಳ್ಳುವ ಮನಸ್ಸಿದ್ದರೆ, ಮುಂದಿನ ಒಂದು ವಾರದ ಮೊಟ್ಟೆಗಳನ್ನು ತಂಪಾದ ಜಾಗದಲ್ಲಿ ಎತ್ತಿಟ್ಟು, ಹೇಂಟೆಗಳು ಹದಿನಾಲ್ಕು ದಿನದ ನಿಗಾವನ್ನು ದಾಟುತ್ತಲೇ ಕಾವಿಗೆ ಇಡಿ. ಹತ್ತು ದಿನಕ್ಕಿಂತ ಹಳೆಯ ಮೊಟ್ಟೆಗಳಲ್ಲಿ ಮರಿಯಾಗುವುದು ಕಡಿಮೆ, ಆದ್ದರಿಂದ ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲಿನಿಂದ ತಾರೀಖು ಬರೆಯಿರಿ. ಹೊರಗಿನಿಂದ ಹುಂಜ ತರುವುದೇ ಆದರೆ ಮೂರು ವಾರವಾದರೂ ಬೇರೆ ಗೂಡಿನಲ್ಲಿಟ್ಟು, ಅದರ ಕೆಲಸವನ್ನು ಹೇಂಟೆಗಳ ಕೆಲಸದ ನಂತರವೇ ಮಾಡಿ.

ಈ ಹದಿನಾಲ್ಕು ದಿನದಲ್ಲಿ ಎರಡನೆಯ ಕೋಳಿ ಸತ್ತರೆ ಮಾತ್ರ ಲೆಕ್ಕವೆಲ್ಲ ಬದಲಾಗುತ್ತದೆ. ಒಂದೆರಡು ದಿನದೊಳಗೆ ಹಲವು ಕೋಳಿಗಳು ಒಟ್ಟಿಗೆ ಬಿದ್ದರೆ, ಮುಖ ಊದಿದ್ದರೆ, ಸುತ್ತಮುತ್ತ ಕಾಗೆ ಅಥವಾ ನೀರುಹಕ್ಕಿಗಳು ಸತ್ತಿದ್ದರೆ, ಹಕ್ಕಿಜ್ವರದ ಸಂಶಯದಿಂದ ಯಾವುದನ್ನೂ ಮುಟ್ಟದೆ ಪಶು ಆಸ್ಪತ್ರೆಗೆ ಕರೆ ಮಾಡಿ. ಕರ್ನಾಟಕದಲ್ಲಿ 2012ರಲ್ಲಿ ಹೆಸರಘಟ್ಟದಲ್ಲಿಯೂ, 2020ರಲ್ಲಿ ಮೈಸೂರು ಮತ್ತು ಹರಿಹರದ ಕಡೆಯೂ ಅದು ಕಾಣಿಸಿಕೊಂಡಿತ್ತು. ಹಕ್ಕಿಜ್ವರ ಮತ್ತು ಕೊಕ್ಕರೆ ರೋಗ ಎರಡರ ಸಂಶಯವನ್ನೂ ತಿಳಿಸುವುದು 2009ರ ಪ್ರಾಣಿರೋಗ ನಿಯಂತ್ರಣ ಕಾಯಿದೆಯಂತೆ ಸಾಕುವವರ ಹೊಣೆ.

ಒಂದೇ ಕೋಳಿ ಸತ್ತರೆ ಹೂಳಬೇಡಿ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು, ಸೋಪು ಬೆರೆಸಿದ ತಣ್ಣೀರಿನಲ್ಲಿ ಕೋಳಿಯನ್ನು ಅದ್ದಿ. ಸೋಪಿಲ್ಲದಿದ್ದರೆ ನೀರು ಗರಿಯೊಳಕ್ಕೆ ಇಳಿಯುವುದಿಲ್ಲ, ಮೈ ತಣಿಯುವುದೂ ಇಲ್ಲ. ನೀರು ಬಸಿದು ಎರಡು ಚೀಲಗಳಲ್ಲಿ ಕಟ್ಟಿ, ಮಂಜುಗಡ್ಡೆ ತುಂಬಿದ ಡಬ್ಬದಲ್ಲಿಡಿ. ಫ್ರೀಜರಿನಲ್ಲಿ ಗಟ್ಟಿ ಮಾಡಬೇಡಿ, ಅಂಗಾಂಶ ಒಡೆದು ಸೂಕ್ಷ್ಮದರ್ಶಕಕ್ಕೆ ನಿರುಪಯುಕ್ತವಾಗುತ್ತದೆ. ಮೊದಲು ತೀರ್ಥಹಳ್ಳಿಯ ಪಶು ಆಸ್ಪತ್ರೆಗೆ ಫೋನ್ ಮಾಡಿ. ಅವರ ಪತ್ರದೊಡನೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದ ರೋಗನಿದಾನ ವಿಭಾಗಕ್ಕೆ ಅದೇ ದಿನ, ತಪ್ಪಿದರೆ ಮರುದಿನದೊಳಗೆ ತಲುಪಿಸಿ. ಅಲ್ಲಿ ಆಗದ ಪರೀಕ್ಷೆಗಳನ್ನು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಕಳಿಸುವ ವ್ಯವಸ್ಥೆ ಇದೆ. ಜೊತೆಗೊಂದು ಚೀಟಿಯಲ್ಲಿ ಬರೆಯಿರಿ: ಕೊನೆಗೆ ಆರೋಗ್ಯವಾಗಿ ಕಂಡ ಹೊತ್ತು, ಸತ್ತು ಸಿಕ್ಕ ಹೊತ್ತು, ಹಿಂದಿನ ದಿನ ತಿಂದದ್ದು, ಹಿಂದೆ ಹಾಕಿಸಿದ ಲಸಿಕೆ, ಈ ಹುಂಜದ ಸಾವಿನ ತಾರೀಖು, ಮತ್ತು ಪಕ್ಕದ ತೋಟದ ಪೊಟ್ಟಣದ ಮೇಲಿದ್ದ ಔಷಧಿಯ ಹೆಸರು.